ಭಾವನೆಯ ಮೇಲಿನ ಭಾವನೆ ಮತ್ತು ಖಿನ್ನತೆ

ದುಃಖವಾಗುವುದು ಒಂದು, ದುಃಖವಾಯಿತಲ್ಲ ಎಂದು ನಾಚಿ ತನ್ನನ್ನೇ ಹಳಿದುಕೊಳ್ಳುವುದು ಇನ್ನೊಂದು. ಈ ಎರಡನೆಯದಕ್ಕೆ ಮನೋವಿಜ್ಞಾನದಲ್ಲಿ ‘ಮೆಟಾ ಎಮೋಷನ್’ ಎಂಬ ಹೆಸರಿದೆ. ಖಿನ್ನತೆ ಬೇರೂರಲು ಇದೂ ಒಂದು ದಾರಿ.

ನಮ್ಮ ಬೇಸರಕ್ಕೆ ನಾವೇ ಹೇಗೆ ಪ್ರತಿಕ್ರಿಯಿಸುತ್ತೇವೆ ಎಂಬುದು ಮುಖ್ಯವೆನ್ನಲು ಒಂದು ಉದಾಹರಣೆ ನೋಡಿ. 1989ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯಾದಲ್ಲಿ ಲೋಮಾ ಪ್ರಿಯೆಟಾ ಭೂಕಂಪವಾಯಿತು. ಅದಕ್ಕೆ ಎರಡು ವಾರ ಮೊದಲಷ್ಟೇ ಮನೋವಿಜ್ಞಾನಿ ಸೂಸನ್ ನೋಲೆನ್-ಹೋಕ್ಸೆಮಾ ಅವರು, ಬೇಸರವಾದಾಗ ಏನು ಮಾಡುತ್ತೀರಿ ಎಂಬ ಪ್ರಶ್ನಾವಳಿಯನ್ನು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಂದ ತುಂಬಿಸಿಕೊಂಡಿದ್ದರು. ಕಂಪನದ ಏಳು ವಾರಗಳ ನಂತರವೂ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿ ಕಂಡದ್ದು, ತಮ್ಮ ಬೇಸರವನ್ನೇ ಮತ್ತೆ ಮತ್ತೆ ಮೆಲುಕು ಹಾಕುವ ಸ್ವಭಾವದವರಲ್ಲಿ. ದುರಂತಕ್ಕೆ ಮುಂಚೆಯೇ ಅಳೆದಿಟ್ಟ ಇಂಥ ಪುರಾವೆ ಅಪರೂಪ.

ಮನೋವಿಜ್ಞಾನಿಗಳಾದ ಬ್ರೆಟ್ ಫೋರ್ಡ್, ಐರಿಸ್ ಮಾಸ್ ಮತ್ತು ಸಂಗಡಿಗರ 2018ರ ಅಧ್ಯಯನದಲ್ಲಿ ಭಾಗವಹಿಸಿದವರು ಕ್ಯಾಮೆರಾ ಮುಂದೆ ಮೂರು ನಿಮಿಷ ಭಾಷಣ ಮಾಡಬೇಕಿತ್ತು. ಎದೆಯ ಅಳುಕನ್ನು ತಪ್ಪೆಂದು ಭಾವಿಸದೆ ಒಪ್ಪಿಕೊಳ್ಳುವ ಸ್ವಭಾವದವರು ಕಡಿಮೆ ಕಂಗೆಟ್ಟರು. ಅದೇ ಅಧ್ಯಯನಕ್ಕಾಗಿ ಬರೆಸಿದ ಎರಡು ವಾರದ ದಿನಚರಿಗಳೂ ಅದನ್ನೇ ತೋರಿಸಿದವು.

ಒಪ್ಪಿಕೊಳ್ಳುವುದೆಂದರೆ ಅನ್ಯಾಯಕ್ಕೆ ತಲೆಬಾಗುವುದಲ್ಲ. ಅಧ್ಯಯನದಲ್ಲಿ ನೆರವಾದದ್ದು ಭಾವನೆಯ ಸ್ವೀಕಾರವೇ ಹೊರತು ಪರಿಸ್ಥಿತಿಯದಲ್ಲ. ಚಿಕಿತ್ಸೆಗೆ ಅದು ಬದಲಿಯೂ ಅಲ್ಲ. ಕುಗ್ಗಿದ ಮನಸ್ಸು ಎರಡು ವಾರವಾದರೂ ಏಳದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.