ಒಂದು ಗುಡಿಸು ಬಿದ್ದುಹೋದ ಕಥೆ

ಬ್ಯಾಕೆಂಡ್ ಕೆಲಸ ಅಂದ್ರೆ ಏನು ಅಂತ ನಮ್ಮಮ್ಮನಿಗೆ ಇವತ್ತಿಗೂ ಸರಿಯಾಗಿ ಹೇಳೋಕೆ ನನಗೆ ಆಗಿಲ್ಲ. "ಪರದೆ ಮೇಲೆ ಕಾಣದೇ ಇರೋದೆಲ್ಲ ನಂದು" ಅಂದೆ ಒಂದ್ಸಲ. "ಕಾಣದೇ ಇರೋ ಕೆಲಸಕ್ಕೆ ಸಂಬಳ ಯಾಕೆ ಕೊಡ್ತಾರೆ?" ಅಂದಳು :)

ಕೆಲಸಕ್ಕೆ ಸೇರಿದ ಎರಡನೇ ವರ್ಷ ನನ್ನ ಕೆಲಸ ಎಲ್ಲರಿಗೂ ಕಂಡಿತು. ತಪ್ಪಾಗಿ ಕಂಡಿತು.

ಗಿರಾಕಿಗಳ ಹೆಸರು, ವಿಳಾಸಗಳನ್ನು ಡೇಟಾಬೇಸಿನಿಂದ ತೆಗೆದು, ಪತ್ರ ಮುದ್ರಿಸುವವರಿಗೆ ಒಂದು ಫೈಲ್ ಕಳಿಸುವ ಪ್ರೋಗ್ರಾಂ ಬರೆದಿದ್ದೆ. ಹೆಸರಿಗೆ 32 ಬೈಟ್ ಜಾಗ, ಮೀರಿದರೆ ಕತ್ತರಿಸು. ಟೆಸ್ಟಿಂಗಿಗೆ ನಾನು ಹಾಕಿದ್ದೆಲ್ಲ ಇಂಗ್ಲಿಷ್ ಹೆಸರುಗಳು. ಎಲ್ಲ ಪಾಸಾಯಿತು. ಪತ್ರಗಳು ಹೋದಮೇಲೆ ದೂರುಗಳು ಬರತೊಡಗಿದವು. ಒಬ್ಬ ಹಿರಿಯರು ಆ ಪತ್ರವನ್ನು ವಿಳಾಸದ ಪುರಾವೆ ಅಂತ ಎಲ್ಲೋ ತೋರಿಸಿದರಂತೆ, ಹೆಸರು ತಾಳೆ ಆಗ್ತಿಲ್ಲ ಅಂತ ಅವರನ್ನು ವಾಪಸ್ ಕಳಿಸಿದರಂತೆ. ಅವರ ಹೆಸರಿನ ಕೊನೆಯಲ್ಲಿ ಕಪ್ಪು ಚೌಕದೊಳಗೆ ಒಂದು ಪ್ರಶ್ನೆ ಚಿಹ್ನೆ ಕೂತಿತ್ತು.

ಏನಾಗಿತ್ತು ನೋಡಿ. ಉದಾಹರಣೆಗೆ "ಕೃಷ್ಣಮೂರ್ತಿ" ಅನ್ನೋ ಹೆಸರು ತಗೊಳ್ಳಿ. ಓದುವ ನಮಗೆ ಅದು ನಾಲ್ಕೇ ಅಕ್ಷರ: ಕೃ, ಷ್ಣ, ಮೂ, ರ್ತಿ. ಕಂಪ್ಯೂಟರಿಗೆ ವಟ್ರಸುಳಿ, ಕೊಂಬು, ವಿರಾಮ, ಗುಡಿಸು ಎಲ್ಲ ಬೇರೆಬೇರೆ. ಒಟ್ಟು 11 ಸಂಕೇತಗಳು. ಒಂದೊಂದಕ್ಕೆ 3 ಬೈಟ್, ಅಲ್ಲಿಗೆ 33. ನಾನು ಕೊಟ್ಟ ಜಾಗ 32! ಕೊನೆಯ ಗುಡಿಸಿನ ಮೂರು ಬೈಟಿನಲ್ಲಿ ಎರಡು ಒಳಗೆ, ಒಂದು ಹೊರಗೆ. ಆ ಅರೆಬರೆ ತುಂಡನ್ನು ಓದಲಾಗದೆ ಮುದ್ರಣದ ಯಂತ್ರ ಪ್ರಶ್ನೆ ಚಿಹ್ನೆ ಹಾಕಿತ್ತು. ಇಂಗ್ಲಿಷಿನಲ್ಲಿ ಅದೇ ಹೆಸರಿಗೆ 13 ಬೈಟ್ ಸಾಕು.

ಸರಿಮಾಡಲು ಒಂದು ದಿನ ಸಾಕಾಯಿತು. ಆದರೆ ಒಂದು ಅಕ್ಷರ ಅಂದ್ರೆ ಒಂದು ಬೈಟ್ ಅನ್ನೋದು ನನ್ನ ತಲೆಗೆ ಬಂದಿದ್ದಾದರೂ ಎಲ್ಲಿಂದ? ಹುಡುಕುತ್ತಾ ಹೋದೆ.

ಬೇರು ಇರೋದು ಅಮೆರಿಕದ ಆಸ್ಕಿಯಲ್ಲಿ. 1963ರಲ್ಲಿ ಬಂದ ಆ ಸಂಕೇತಪಟ್ಟಿಯಲ್ಲಿ ಇರೋದು 7 ಬಿಟ್, ಅಂದರೆ 128 ಸ್ಥಾನ. ಇಂಗ್ಲಿಷಿಗೆ ಧಾರಾಳ. ಆಮೇಲೆ 8 ಬಿಟ್ಟಿನ ಬೈಟ್ ರೂಢಿಗೆ ಬಂದಾಗ ಇನ್ನೂ 128 ಸ್ಥಾನ ಸಿಕ್ಕವು. ಆ ಮೇಲರ್ಧಕ್ಕೆ ಪ್ರಪಂಚದವರೆಲ್ಲ ತಮ್ಮ ತಮ್ಮ ಅಕ್ಷರ ತುಂಬಿದರು. ನಮ್ಮವರು ತುಂಬಿದ್ದು ಇಸ್ಕಿ, 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಮಾನಕವಾಯಿತು. ಅದರ ಹಿಂದಿನ ಯೋಚನೆ ನನಗೆ ಬಹಳ ಹಿಡಿಸಿತು. ಕನ್ನಡದ ಕ, ತೆಲುಗಿನ ಕ, ದೇವನಾಗರಿಯ ಕ, ಮೂರಕ್ಕೂ ಒಂದೇ ಸಂಖ್ಯೆ! ನಮ್ಮ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಮಕ್ಕಳು ಅನ್ನೋದು ಅದರಲ್ಲೇ ಇತ್ತು.

ಆದರೆ ಮನೆಮನೆಯ ಕಂಪ್ಯೂಟರಿನಲ್ಲಿ ನಡೆದಿದ್ದು ಬೇರೆ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟುಗಳು ಬಂದವು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ನಮ್ಮಪ್ಪ ಶಾಲೆಗೆಂದು ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆಗಳ ಒಂದು ಸಿ.ಡಿ. ಮನೆಯಲ್ಲಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಒಂದು ಸಾಲೂ ಓದೋಕೆ ಬರಲ್ಲ. ಕನ್ವರ್ಟರ್ ಹಾಕಿ ಸ್ವಲ್ಪ ಸ್ವಲ್ಪವೇ ಬಿಡಿಸ್ತಾ ಇದೀನಿ.

ಇದಕ್ಕೆಲ್ಲ ಪರಿಹಾರವಾಗಿ ಬಂದಿದ್ದು ಯುನಿಕೋಡ್. 1991ರ ಅಕ್ಟೋಬರಿನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು, ಅಕ್ಷರಗಳ ಕ್ರಮ 1988ರ ಇಸ್ಕಿಯದ್ದು. ಸಿಕ್ಕಿದ ಜಾಗ 3200ರಿಂದ 3327. ಆದರೆ ಜಾಗ ಸಿಕ್ಕ ಮಾತ್ರಕ್ಕೆ ಆಗಲಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಮೂಡಲು ವಿಂಡೋಸ್ ಎಕ್ಸ್‌ಪಿ, ಅದರ ಜೊತೆಗಿದ್ದ ತುಂಗಾ ಫಾಂಟ್ ಬರಬೇಕಾಯಿತು, ಅದು 2001ರಲ್ಲಿ.

ಇನ್ನು ಆ ಮೂರು ಬೈಟ್. 1992ರ ಸೆಪ್ಟೆಂಬರಿನ ಒಂದು ಸಂಜೆ ಅಮೆರಿಕದ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಊಟಕ್ಕೆ ಕೂತಿದ್ದರು. ತಟ್ಟೆ ಕೆಳಗಿನ ಕಾಗದದ ಮೇಲೆ ಥಾಂಪ್ಸನ್ ಒಂದು ಯೋಜನೆ ಗೀಚಿದರು. ಅದೇ ಯುಟಿಎಫ್-8. ಆಸ್ಕಿಯ ಅಕ್ಷರಗಳಿಗೆ ಒಂದೇ ಬೈಟ್, ಹಳೆಯ ಇಂಗ್ಲಿಷ್ ಫೈಲುಗಳು ಹಾಗೇ ನಡೆಯುತ್ತವೆ. 2047ನೇ ಸಂಖ್ಯೆಯವರೆಗೆ ಎರಡು ಬೈಟ್, 65535ರವರೆಗೆ ಮೂರು, ಅದರಾಚೆ ನಾಲ್ಕು. ನಾವು 3200ರಲ್ಲಿ ಇರೋದರಿಂದ ಮೂರರ ಮನೆ. ಇಡೀ ಅಂತರ್ಜಾಲ ಇವತ್ತು ಇದರ ಮೇಲೇ ನಿಂತಿದೆ. ನಮಗೆ ಜಾಗ ಜಾಸ್ತಿ ಬೇಕು, ನಿಜ, ಆದರೆ ಬಾಗಿಲು ಮುಚ್ಚಿಲ್ಲ. ಮುಚ್ಚೋದು ನನ್ನಂಥವರು, 32 ಅಂತ ಬರೆದು.

ಇಷ್ಟೆಲ್ಲ ತಿಳಿದಮೇಲೆ ನನಗೆ ಸ್ವಲ್ಪ ಜಂಬ ಬಂದಿತ್ತು ಅನ್ನಿ. ಹೊಸಬರ ಕೋಡ್ ನೋಡುವಾಗ "ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಇಲ್ವಾ ನಿಮಗೆ?" ಅಂತ ರೇಗುತ್ತಿದ್ದೆ. 2024ರಲ್ಲಿ ಆ ಜಂಬವೂ ಇಳಿಯಿತು.

ಆ ವರ್ಷದ ಸೆಪ್ಟೆಂಬರಿನಲ್ಲಿ ಯುನಿಕೋಡ್ 16 ಬಂತು, ಅದರಲ್ಲಿ ತುಳು-ತಿಗಳಾರಿ ಲಿಪಿ ಸೇರಿತು. ಕರಾವಳಿ, ಮಲೆನಾಡಿನ ತಾಳೆಗರಿಗಳ ಲಿಪಿ. ಖುಷಿಯಿಂದ ನನ್ನದೇ ಒಂದು ಸ್ವಂತ ಪದಕೋಶದ ಟೇಬಲಿಗೆ ಅದರ ಒಂದು ಅಕ್ಷರ ಸೇರಿಸಲು ಹೋದೆ. ಎರರ್! ಆ ಲಿಪಿಯ ಜಾಗ ಶುರುವಾಗೋದು 70528ರಿಂದ, ಅಂದರೆ ನಾಲ್ಕು ಬೈಟ್. ಮೈಎಸ್‌ಕ್ಯೂಎಲ್‌ನಲ್ಲಿ ಬರೀ "ಯುಟಿಎಫ್8" ಅಂದರೆ ಮೂರೇ ಬೈಟಿನದ್ದು. ನಾಲ್ಕು ಬೈಟ್ ಹಿಡಿಸುವ "ಯುಟಿಎಫ್8ಎಂಬಿ4" 2010ರಲ್ಲೇ ಬಂದಿತ್ತು. ಟೇಬಲ್ ಮಾಡುವಾಗ ಎರಡೂ ಕಣ್ಣಮುಂದೆ ಇದ್ದವು. "ಕನ್ನಡ ಸರಿಯಾಗಿ ಬರ್ತಿದೆಯಲ್ಲ, ಸಾಕು" ಅಂತ ಮೊದಲನೆಯದನ್ನೇ ಆರಿಸಿದ್ದೆ.

ಆಸ್ಕಿ ಮಾಡಿದವರು ತಮ್ಮ ಭಾಷೆಗೆ ಸಾಕಾಗುವಷ್ಟು ಮಾಡಿಕೊಂಡರು. ನಾನೂ ಅದನ್ನೇ ಮಾಡಿದ್ದೆ. ಅವರಿಗೆ ಕನ್ನಡ ನೆನಪಾಗಲಿಲ್ಲ, ನನಗೆ ಪಕ್ಕದ ಮನೆಯ ತುಳು ನೆನಪಾಗಲಿಲ್ಲ. ಅವರದು 1963, ನಂದು ಮೊನ್ನೆ ಮೊನ್ನೆ.

ಈಗ ನನ್ನ ಟೆಸ್ಟ್ ಪಟ್ಟಿಯಲ್ಲಿ ಮೊದಲನೇ ಹೆಸರು ಕೃಷ್ಣಮೂರ್ತಿ, ಎರಡನೇ ಸಾಲಿನಲ್ಲಿ ತುಳು ಲಿಪಿಯ ಒಂದು ಅಕ್ಷರ. ಆ ಅಕ್ಷರವನ್ನು ಓದೋಕೆ ನನಗೆ ಬರಲ್ಲ. ಆದರೂ ಅದು ಹೋದ ಹಾಗೇ ವಾಪಸ್ ಬರಬೇಕು.

ನಿಮ್ಮ ಹೆಸರನ್ನೂ ಯಾವುದಾದರೂ ಕಂಪ್ಯೂಟರ್ ಹೀಗೆ ಕತ್ತರಿಸಿದ್ದರೆ ಹೇಳಿ, ಪಟ್ಟಿಗೆ ಸೇರಿಸ್ಕೋತೀನಿ :)