ರಸ್ತೆ ಬದಿ ನಿಂತವರ ಚರಿತ್ರೆ

ಓಟದ ಕಥೆಗಳು | ಭಾಗ 6

ಗೆಳೆಯರು ಮ್ಯಾರಥಾನ್ ಓಡ್ತಾರೆ ಅಂತ ಬೆಳಗಾಗೋ ಮುಂಚೆ ಎದ್ದು ಹೋಗಿ ರಸ್ತೆ ಬದಿ ಕಾದಿದ್ದೀರಾ? ಮೂರು ಗಂಟೆ ನಿಂತರೆ ಅವರು ಕಣ್ಣಿಗೆ ಬೀಳೋದು ಹತ್ತೇ ಸೆಕೆಂಡು. ಯಾರಾದರೂ ಕೇಳಿದರೆ "ನಾನೇನು ಮಾಡ್ದೆ, ಸುಮ್ನೆ ನಿಂತಿದ್ದೆ" ಅಂತೀರಿ. ಬಾಸ್ಟನ್ ಮ್ಯಾರಥಾನಿನ ಚರಿತ್ರೆ ಓದಿದರೆ ಹಾಗನ್ನಲ್ಲ.

📍 1897, ಏಪ್ರಿಲ್ 19
ಅಮೆರಿಕದ ಬಾಸ್ಟನ್‌ನಲ್ಲಿ ಮೊದಲ ಓಟ. ಓಡಿದವರು 15 ಜನ, ಎಲ್ಲರೂ ಗಂಡಸರು. ಅರ್ಧ ದಾರಿಯ ಹತ್ತಿರ ವೆಲ್ಸ್‌ಲಿ ಅನ್ನೋ ಹೆಣ್ಣುಮಕ್ಕಳ ಕಾಲೇಜು. ಅಲ್ಲಿನ ವಿದ್ಯಾರ್ಥಿನಿಯರು ಅವತ್ತೇ ರಸ್ತೆಗೆ ಬಂದು ಓಟಗಾರರನ್ನ ಹುರಿದುಂಬಿಸಿದರು. ಆ ರೂಢಿ ಈಗಲೂ ಇದೆ. ಅವರ ಕೂಗು ದೂರದಿಂದಲೇ ಕೇಳುತ್ತೆ. ಓಟಗಾರರು ಆ ಜಾಗವನ್ನ 'ಕೂಗಿನ ಸುರಂಗ' ಅಂತಲೇ ಕರೀತಾರೆ.

ಆದರೆ ಸುಮಾರು 70 ವರ್ಷ ಅವರಿಗೆ ಕೂಗೋಕೆ ಮಾತ್ರ ಜಾಗ ಇತ್ತು, ಓಡೋಕೆ ಇರಲಿಲ್ಲ.

📍 1966
23ರ ಬಾಬಿ ಗಿಬ್ ಅರ್ಜಿ ಹಾಕಿದರು. ಇಷ್ಟು ದೂರ ಓಡೋ ಶಕ್ತಿ ಹೆಂಗಸರಿಗಿಲ್ಲ ಅಂತ ಉತ್ತರ ಬಂತು. ಅಣ್ಣನೋ ತಮ್ಮನೋ ಹಾಕೋ ಚಡ್ಡಿ, ತಲೆ ಮುಚ್ಚೋ ಸ್ವೆಟ್‌ಶರ್ಟ್ ತೊಟ್ಟು, ಓಟ ಶುರುವಾಗೋ ಜಾಗದ ಹತ್ತಿರ ಪೊದೆಯಲ್ಲಿ ಅಡಗಿ ಕೂತು, ಆಮೇಲೆ ಗುಂಪಿಗೆ ಸೇರಿಕೊಂಡರು. ಹಿಡಿದು ಹೊರಹಾಕ್ತಾರೇನೋ ಅನ್ನೋ ಭಯ. ಪಕ್ಕದ ಓಟಗಾರರು ಧೈರ್ಯ ಹೇಳಿದ ಮೇಲೆ ಸ್ವೆಟ್‌ಶರ್ಟ್ ತೆಗೆದರು. ರಸ್ತೆ ಬದಿಯ ಜನ ಹೆಣ್ಣುಮಗಳು ಅಂತ ಗುರುತು ಹಿಡಿದು ಇನ್ನೂ ಜೋರಾಗಿ ಕೂಗಿದರು. ವೆಲ್ಸ್‌ಲಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಅಲ್ಲಿ ಕೂಗಿದವರಿಗೆ ಅದು ತಮ್ಮದೇ ಓಟ. 3 ಗಂಟೆ 21 ನಿಮಿಷಕ್ಕೆ ಬಾಬಿ ಓಟ ಮುಗಿಸಿದರು.

ಹೆಂಗಸರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1972ರಲ್ಲಿ. ಬಾಬಿಯ ಗೆಲುವನ್ನ ದಾಖಲೆಗೆ ಸೇರಿಸಿದ್ದು 1996ರಲ್ಲಿ. ಜನ ಒಪ್ಪಿಕೊಂಡು 30 ವರ್ಷ ಆದಮೇಲೆ!

📍 2013, ಏಪ್ರಿಲ್ 15
ಮುಕ್ತಾಯದ ಗೆರೆ ಹತ್ತಿರ ಎರಡು ಬಾಂಬ್ ಸಿಡಿದವು. ಸ್ಫೋಟದಲ್ಲಿ ಸತ್ತವರು ಮೂವರು. ಮೂವರೂ ಓಡಿದವರಲ್ಲ, ನೋಡೋಕೆ ಬಂದವರು. ಅವರಲ್ಲೊಬ್ಬ 8 ವರ್ಷದ ಹುಡುಗ. 260ಕ್ಕೂ ಹೆಚ್ಚು ಜನರಿಗೆ ಗಾಯ. ಅಲ್ಲಿದ್ದ ಜನರೇ ಬೆಲ್ಟ್ ಬಿಚ್ಚಿ, ಗಾಯಾಳುಗಳ ಕಾಲಿಗೆ ಬಿಗಿದು ರಕ್ತ ನಿಲ್ಲಿಸಿದರು.

ಮರುವರ್ಷ ಏನಾಯ್ತು ಗೊತ್ತಾ? ಅದೇ ರಸ್ತೆ ಮತ್ತೆ ತುಂಬಿತು. ತಮ್ಮವರ ಹೆಸರು ಬರೆದ ಹಲಗೆ ಹಿಡಿದು ಜನ ಮತ್ತೆ ಬಂದು ನಿಂತರು.

ಹಾಗಾಗಿ ಮುಂದಿನ ಸಲ ಗೆಳೆಯರ ಓಟಕ್ಕೆ ಹೋದಾಗ ಒಂದು ಕೆಲಸ ಮಾಡಿ. ಮುಕ್ತಾಯದಲ್ಲಿ ಹೇಗೂ ಜನ ಇರ್ತಾರೆ. ನೀವು 32ನೇ ಕಿಲೋಮೀಟರ್ ಆಸುಪಾಸು ನಿಲ್ಲಿ. ಕಾಲು ಸೋಲೋದು ಅಲ್ಲೇ. ಅವರ ಹೆಸರು ಹಿಡಿದು ಕೂಗಿ. ಅವರ ಹಿಂದೆ ಒಬ್ಬರೇ ಬರ್ತಿರೋ ಅಪರಿಚಿತರಿಗೂ ಒಂದು ಕೂಗು ಹಾಕಿ.

ನೀವು ಯಾರಿಗೋಸ್ಕರ ರಸ್ತೆ ಬದಿ ಕಾದಿದ್ದಿರಿ? ಅವರನ್ನ ಇಲ್ಲಿ ಟ್ಯಾಗ್ ಮಾಡಿ 👇

#ಓಟದಕಥೆಗಳು #ಮ್ಯಾರಥಾನ್ #ಚರಿತ್ರೆ