ಶುಕ್ರವಾರದ ಡಾರ್ಟ್ಸ್ ಮತ್ತು ಧಾರವಾಡದ ಬಾಲೂ

ವಿಡಿಯೊದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೇನೆ.

ಈ ವಾರದ ಕಥೆ ಶುರುವಾಗೋದು ವಾಕಡ್‌ನ ಒಂದು ಬಾಡಿಗೆ ಮನೆಯ ಹಾಲ್‌ನಲ್ಲಿ. ಪ್ರತಿ ಶುಕ್ರವಾರ ರಾತ್ರಿ ನಾವು ಕೆಲವರು ಅಲ್ಲಿ ಸೇರಿ ಡಾರ್ಟ್ಸ್ ಆಡ್ತೀವಿ. ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ ಕಡೆಯವರು, ಎಲ್ಲರೂ ಹಿಂಜವಡಿಯಲ್ಲಿ ಕೆಲಸ ಮಾಡೋರು. ಮೊದಲು ಏಳು ಜನ ಇದ್ವಿ, ಈಗ ನಾಲ್ಕೇ ಜನ. ಇಬ್ಬರು ಬೆಂಗಳೂರಿಗೆ ಹೋದರು, ಒಬ್ಬರು ಕೆಲಸ ಹೋಗಿ ಊರು ಸೇರಿದರು. ಪಕ್ಕದ ಫ್ಲಾಟಿನ ಮರಾಠಿ ಗೆಳೆಯರೊಬ್ಬರು "ನಾನೂ ಬರಲಾ?" ಅಂತ ಕೇಳಿದ್ದರು. ನಮ್ಮ ಹುಬ್ಬಳ್ಳಿ ದೋಸ್ತ್ ಒಪ್ಪಲಿಲ್ಲ. "ವಾರಕ್ಕ ಒಂದ್ ದಿನ ಕನ್ನಡ ಮಾತಾಡ್ತೀವಿ. ಅವ್ರನ್ನ ಕರದ್ರ ಅದೂ ಹಿಂದಿ ಆಗ್ತದ ನೋಡಲೇ" ಅಂದ.

ಅವನ ಮಾತಿನಲ್ಲೂ ನ್ಯಾಯ ಇತ್ತು. ಡಾರ್ಟ್ಸ್ ಇಂಗ್ಲೆಂಡಿನ ಪಬ್ಬುಗಳ ಆಟ. ಒಳ್ಳೆಯ ಬೋರ್ಡು ಕತ್ತಾಳೆ ಜಾತಿಯ ನಾರಿನದು, ಬಾಣ ಕಿತ್ತರೆ ತೂತು ತಾನೇ ಮುಚ್ಚಿಕೊಳ್ಳುತ್ತೆ. 501ರಿಂದ ಕಳೆಯುತ್ತಾ ಸೊನ್ನೆಗೆ ಬರಬೇಕು. ನಮ್ಮಲ್ಲಿ ಲೆಕ್ಕ ಕೂಗೋದು ಮಕ್ಕಳು, ಅದೂ ಕನ್ನಡದಲ್ಲೇ. ಐನೂರ ಒಂದರಲ್ಲಿ ಅರವತ್ತು ಹೋದರೆ ನಾನೂರ ನಲವತ್ತೊಂದು. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಕಲಿಯೋ ನನ್ನ ಮಗಳಿಗೆ ಎಪ್ಪತ್ತೊಂಬತ್ತು ಅಂದರೆ ಎಷ್ಟು ಅಂತ ಗೊತ್ತಾಗಿದ್ದು ಈ ಬೋರ್ಡಿನ ಮುಂದೆ. ಇದು ನಿಂತರೆ ನಮಗೆ ನಿಜವಾಗಿಯೂ ನಷ್ಟ.

ಆದರೆ ಆಟದ ಕೂಟಕ್ಕೆ ಬಾಗಿಲು ಹಾಕೋ ವಿಷಯದಲ್ಲಿ ಪುಣೆಗೆ ಹಳೇ ಅನುಭವ ಇದೆ. 1817ರಲ್ಲಿ ಖಡಕಿ ಯುದ್ಧದಲ್ಲಿ ಪೇಶ್ವೆಯನ್ನು ಸೋಲಿಸಿದ ಮೇಲೆ ಇಂಗ್ಲಿಷರು ಇಲ್ಲಿ ದಂಡು ಹಾಕಿದರು. ಊರು ಬಿಟ್ಟು ಬಂದ ಅಧಿಕಾರಿಗಳಿಗೆ ಸಂಜೆ ಕಳೆಯೋಕೆ ಏನಾದರೂ ಬೇಕಿತ್ತು. ಗರಿಯ ಚೆಂಡನ್ನು ಕೆಳಗೆ ಬೀಳದ ಹಾಗೆ ಹೊಡೆಯೋ ಹಳೇ ಆಟಕ್ಕೆ ಅವರು ನಡುವೆ ಬಲೆ ಕಟ್ಟಿದರು, ನಿಯಮ ಮಾಡಿಕೊಂಡರು. ಆ ಆಟಕ್ಕೆ 'ಪೂನಾ' ಅಂತಲೇ ಹೆಸರಿತ್ತು. ಮುಂದೆ ಇಂಗ್ಲೆಂಡಿನಲ್ಲಿ ಅದು ಬ್ಯಾಡ್ಮಿಂಟನ್ ಆಯಿತು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ನಮ್ಮ ಪ್ರಕಾಶ್ ಪಡುಕೋಣೆ ಕೈಯಲ್ಲಿದ್ದದ್ದು ಒಂದು ಲೆಕ್ಕದಲ್ಲಿ ಪುಣೆಯ ಆಟವೇ.

ಮನೆ ಬಿಟ್ಟು ಬಂದವರು ಕೂಟ ಕಟ್ಟಿಕೊಳ್ಳೋದು ಸಹಜ. ಆ ಕೂಟ ಯಾರನ್ನು ಹೊರಗಿಡುತ್ತೆ ಅನ್ನೋದನ್ನೂ ನೋಡಬೇಕು. ಇಲ್ಲಿ ಪಾಲ್ವಣಕರ್ ಬಾಲೂ ನೆನಪಾಗ್ತಾರೆ. 1870ರ ದಶಕದಲ್ಲಿ ಧಾರವಾಡದಲ್ಲಿ ಹುಟ್ಟಿದ, ಪುಣೆಯಲ್ಲಿ ಬೆಳೆದ ದಲಿತ ಹುಡುಗ. ತಂದೆ ಸೈನ್ಯದಲ್ಲಿದ್ದರು. ಬಾಲೂಗೆ ಇಂಗ್ಲಿಷರ ಪೂನಾ ಕ್ಲಬ್‌ನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳದ ಕೆಲಸ ಸಿಕ್ಕಿತು. ಪಿಚ್ಚಿಗೆ ರೋಲರ್ ಎಳೆಯಬೇಕು, ಬಲೆ ಕಟ್ಟಬೇಕು, ಅಭ್ಯಾಸಕ್ಕೆ ಬರೋ ಸಾಹೇಬರಿಗೆ ಬೌಲಿಂಗ್ ಮಾಡಬೇಕು. ಬ್ಯಾಟು ಮಾತ್ರ ಅವರ ಕೈಗೆ ಕೊಡ್ತಿರಲಿಲ್ಲ. ಹೀಗೆ ದಿನವೂ ಎಸೆದೂ ಎಸೆದೂ ಅವರು ದೇಶದ ಅತ್ಯುತ್ತಮ ಎಡಗೈ ಸ್ಪಿನ್ನರ್‌ಗಳಲ್ಲಿ ಒಬ್ಬರಾದರು.

ಪುಣೆಯ ಹಿಂದೂಗಳ ತಂಡಕ್ಕೆ ಇಂಗ್ಲಿಷರನ್ನು ಸೋಲಿಸಬೇಕಿತ್ತು, ಅದಕ್ಕೆ ಬಾಲೂ ಬೇಕಿತ್ತು. ಅವರನ್ನು ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡು ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪು, ಬಾಲೂಗೆ ಹೊರಗೆ ಬಿಸಾಡೋ ಮಣ್ಣಿನ ಕುಡಿಕೆ. ಊಟಕ್ಕೂ ಬೇರೆ ಜಾಗ. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಆದರೂ ಹಿಂದೂ ತಂಡದ ನಾಯಕರಾಗಲಿಲ್ಲ. ಆ ಪಟ್ಟ 1923ರಲ್ಲಿ ಅವರ ತಮ್ಮ ವಿಠ್ಠಲ್‌ಗೆ ಸಿಕ್ಕಿತು.

ನಮ್ಮ ನಾಲ್ಕು ಜನರ ಕೂಟವನ್ನು ಆ ಕಾಲದ ಕ್ಲಬ್ಬಿಗೆ ನಾನು ಹೋಲಿಸ್ತಿಲ್ಲ. ನಮ್ಮ ಕೈಯಲ್ಲಿ ಆ ಅಧಿಕಾರವೂ ಇಲ್ಲ, ಜಾತಿಯ ಆ ಕ್ರೌರ್ಯಕ್ಕೂ ಭಾಷೆಯ ಈ ಆಸೆಗೂ ಸಂಬಂಧ ಇಲ್ಲ. ಆದರೆ ಬಾಲೂ ಕಥೆ ಓದಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯ್ತು. ಆಟಕ್ಕೆ ಕರೆದರೆ ಸಾಲದು, ಚಹಾಕ್ಕೂ ಕರೀಬೇಕು. ಹಾಗಂತ ಬಂದವರಿಗೋಸ್ಕರ ನಮ್ಮ ಮಾತು ಬಿಡಬೇಕಾಗಿಲ್ಲ. ಬೇರೆ ಊರಿನ ಅನ್ನ ತಿಂತಿರೋ ನಾವು ಮರಾಠಿ ಕಲಿತ ಹಾಗೆ, ನಮ್ಮ ಮನೆಗೆ ಬಂದವರೂ ನಾಲ್ಕು ಕನ್ನಡ ಪದ ಕಲಿತಾರು.

ಇಷ್ಟನ್ನೂ ಹುಬ್ಬಳ್ಳಿ ದೋಸ್ತ್‌ಗೆ ಹೇಳಿದೆ. "ಆತು, ಕರೀರಿ. ಆದ್ರ ಲೆಕ್ಕ ಕನ್ನಡದಾಗ" ಅಂದ. ಅದೇ ನಿಯಮ ಆಯ್ತು.

ಹೋದ ಶುಕ್ರವಾರ ಪಕ್ಕದ ಮನೆಯವರು ಹೆಂಡತಿ, ಮಗನ ಜೊತೆ ಬಂದರು. ಒಂದೇ ತಟ್ಟೆಯಲ್ಲಿ ಮಿರ್ಚಿ ಭಜಿ, ಒಂದೇ ಥರದ ಲೋಟದಲ್ಲಿ ಚಹಾ. ಆಟದ ಕೊನೆಗೆ ಅವರಿಗೆ 32 ಉಳಿದಿತ್ತು. 16ರ ಡಬಲ್‌ಗೆ ಹೊಡೆದರೆ ಗೆಲುವು. ಬಾಣ ಹಿಡಿದು ನಿಂತು ನನ್ನ ಮಗಳ ಕಡೆ ನೋಡಿದರು. ಅವಳು ಮೆಲ್ಲಗೆ ಹೇಳಿಕೊಟ್ಟಳು. "ಮೂವತ್ತೆರಡು" ಅಂತ ಜೋರಾಗಿ ಕೂಗಿ ಎಸೆದರು. ಬಾಣ ಪಕ್ಕದ 8ಕ್ಕೆ ಬಿತ್ತು. ಈ ಶುಕ್ರವಾರ ಮತ್ತೆ ಬರ್ತಾರಂತೆ.